ವಾಘೋಲಿಯ ಬಿಳಿ ಪೊರೆ, ಫೋಂಡಾದ ಕೆಂಪು ಗಸಿ

ಪ್ರಶ್ನೆ: ನಾವು ಮೂಲತಃ ವಿಜಯಪುರ ಜಿಲ್ಲೆಯವರು. ಈಗ ಪುಣೆಯ ವಾಘೋಲಿಯಲ್ಲಿದ್ದೇವೆ. ನಮ್ಮ ಸೊಸೈಟಿಗೆ ಎರಡು ಬೋರ್‌ವೆಲ್ ಇವೆ, ಸಾಲದ್ದಕ್ಕೆ ಟ್ಯಾಂಕರ್. ಬೋರಿನ ನೀರಿನಿಂದ ಬಕೆಟ್, ನಲ್ಲಿ, ಗೀಸರ್ ಎಲ್ಲಕ್ಕೂ ಬಿಳಿ ಪೊರೆ ಕಟ್ಟುತ್ತದೆ. ಸೋಪು ನೊರೆ ಬರುವುದಿಲ್ಲ, ತೊಗರಿ ಬೇಳೆ ಬೇಯುವುದಿಲ್ಲ. ಸುತ್ತಮುತ್ತ ಗೋದಾಮು, ಕಾರ್ಖಾನೆ ಇರುವುದರಿಂದ ಯಾರೋ ನೆಲಕ್ಕೆ ಏನೋ ಬಿಡುತ್ತಿದ್ದಾರೆ ಅಂತ ಸೊಸೈಟಿಯವರ ಅನುಮಾನ. 800 ಅಡಿಗೆ ಹೊಸ ಬೋರು ಕೊರೆಸಿದರೆ ಸಿಹಿ ನೀರು ಸಿಗುತ್ತದೆ ಅಂತ ಕೆಲವರು ಹೇಳುತ್ತಾರೆ. ನನ್ನ ತಂಗಿ ಗೋವಾದ ಫೋಂಡಾ ಹತ್ತಿರ ಇದ್ದಾಳೆ. ಅವಳ ಬಾವಿಯ ನೀರಿಗೆ ಸೋಪು ಚೆನ್ನಾಗಿ ನೊರೆಯಾಗುತ್ತದೆ. ಆದರೆ ರಾತ್ರಿ ತುಂಬಿಟ್ಟ ಕೊಡದ ತಳದಲ್ಲಿ ಬೆಳಿಗ್ಗೆ ಕೆಂಪು ಗಸಿ ಇರುತ್ತದೆ. ಬಾವಿಯ ಅಂಚಿನಲ್ಲಿ ಎಣ್ಣೆ ಬಿದ್ದ ಹಾಗೆ ಬಣ್ಣಬಣ್ಣದ ಕೆನೆ. ಬೀಳುವ ಮಳೆ ಒಂದೇ ಅಲ್ವಾ? ನೀರು ಯಾಕೆ ಇಷ್ಟು ಬೇರೆ? ಇದನ್ನು ಕುಡಿಯಬಹುದೇ? ನಮ್ಮ ಬೋರಿನ ಲ್ಯಾಬ್ ವರದಿ ಜೊತೆಗಿದೆ.

ಉತ್ತರ: ನೀವು ವರದಿ ಕಳಿಸಿದ್ದು ತುಂಬ ಒಳ್ಳೆಯದಾಯಿತು. ನನಗೆ ಬರುವ ಹತ್ತು ಪತ್ರಗಳಲ್ಲಿ ಒಂಬತ್ತರಲ್ಲಿ "ನೀರು ಸರಿಯಿಲ್ಲ" ಎಂಬ ಒಂದೇ ಸಾಲು ಇರುತ್ತದೆ. ನಿಮ್ಮ ಹಾಳೆಯಲ್ಲಿ ಹೇಳಿಕೊಳ್ಳುವಷ್ಟು ವಿಷಯ ಇದೆ. ಲೀಟರಿಗೆ ಮಿಲಿಗ್ರಾಂ ಲೆಕ್ಕದಲ್ಲಿ ಗಡಸುತನ (ಅಂದರೆ ಕ್ಯಾಲ್ಸಿಯಂ, ಮೆಗ್ನೀಸಿಯಂ ಅಂಶ) 460, ಕ್ಷಾರತೆ 345, ಟಿಡಿಎಸ್ (ಕರಗಿದ ಒಟ್ಟು ಲವಣ) 620, ಕ್ಲೋರೈಡ್ 90, ನೈಟ್ರೇಟ್ 38, ಫ್ಲೋರೈಡ್ 0.4. ಹುಳಿ ಅಳೆಯುವ ಪಿಎಚ್ 7.6; ಇದು 7ಕ್ಕಿಂತ ಕೆಳಗಿದ್ದರೆ ನೀರು ಹುಳಿ, ಮೇಲಿದ್ದರೆ ಕ್ಷಾರ. ನಿಮ್ಮ ಸೊಸೈಟಿಯವರಿಗೆ ಸಿಟ್ಟು ಬಂದಿರುವುದು 460ರ ಮೇಲೆ. ನನಗೆ ಚಿಂತೆ ಹತ್ತಿದ್ದು 38ರ ಬಗ್ಗೆ. ಯಾಕೆ ಅಂತ ಹೇಳಬೇಕಾದರೆ ಮಳೆಯ ಹನಿಯ ಜೊತೆ ನೆಲದೊಳಗೆ ಇಳಿಯಬೇಕು.

ಮಳೆ ನೀರು ಶುದ್ಧ ಅಂತ ನಾವು ಅಂದುಕೊಳ್ಳುತ್ತೇವೆ. ಅದರಲ್ಲಿ ಲವಣ ಕಡಿಮೆ ಎನ್ನುವುದು ನಿಜ. ಆದರೆ ಬೀಳುವಾಗಲೇ ಅದು ಗಾಳಿಯ ಇಂಗಾಲದ ಡೈಆಕ್ಸೈಡನ್ನು ಕರಗಿಸಿಕೊಂಡು ಸ್ವಲ್ಪ ಹುಳಿಯಾಗಿರುತ್ತದೆ. ಪಿಎಚ್ ಸುಮಾರು 5.6. ನೆಲ ಮುಟ್ಟಿದ ಮೇಲೆ ಇನ್ನೂ ಹುಳಿಯಾಗುತ್ತದೆ. ಬೇರುಗಳು ಉಸಿರಾಡುತ್ತವೆ, ಮಣ್ಣಿನ ಸೂಕ್ಷ್ಮಜೀವಿಗಳು ಒಣಗಿದ ಎಲೆ, ಕಸ ತಿಂದು ಉಸಿರು ಬಿಡುತ್ತವೆ. ಹಾಗಾಗಿ ಮಣ್ಣಿನ ಸಂದುಗಳಲ್ಲಿ ಈ ಅನಿಲ ಹೊರಗಿನ ಗಾಳಿಗಿಂತ ಹತ್ತರಿಂದ ನೂರು ಪಟ್ಟು ಜಾಸ್ತಿ ಇರುತ್ತದೆ. ಅದನ್ನು ಹೀರಿಕೊಂಡ ನೀರು ಸೋಡಾ ಬಾಟಲಿಯ ನೀರಿನ ಸೌಮ್ಯ ತಮ್ಮನ ಹಾಗೆ. ಅದರಲ್ಲಿರುವ ಕಾರ್ಬಾನಿಕ್ ಆಮ್ಲ ತೀರಾ ಮೆದು, ಕೈಗೆ ಏನೂ ಗೊತ್ತಾಗುವುದಿಲ್ಲ. ಕಲ್ಲಿಗೆ ಮಾತ್ರ ಗೊತ್ತಾಗುತ್ತದೆ.

ವಾಘೋಲಿಯ ಕಲ್ಲು ಯಾವುದು? ಮರಾಠಿಯವರು ಕಾತಳ್ ಅನ್ನುವ ಕರಿಕಲ್ಲು, ಬಸಾಲ್ಟ್. ಸುಮಾರು 6.6 ಕೋಟಿ ವರ್ಷಗಳ ಹಿಂದೆ ನೆಲ ಬಿರಿದು ಲಾವಾ ಹರಿಯಿತು. ಒಂದು ಹರಿವು ಆರಿತು, ಅದರ ಮೇಲೆ ಮತ್ತೊಂದು ಹರಿಯಿತು. ಹೀಗೆ ದೋಸೆಯ ಮೇಲೆ ದೋಸೆ ಪೇರಿಸಿದಂತೆ ಕಟ್ಟಿದ ನೆಲ ಇದು. ಇವತ್ತಿಗೂ ಸುಮಾರು 5 ಲಕ್ಷ ಚದರ ಕಿಲೋಮೀಟರ್ ಹರಡಿದೆ. ನಿಮ್ಮ ವಿಜಯಪುರವೂ ಈ ಹಾಸಿನ ಮೇಲೇ ಇದೆ. ಈ ಕಲ್ಲಿನ ಖನಿಜಗಳಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಧಾರಾಳ. ಗ್ರಾನೈಟಿಗೆ ಹೋಲಿಸಿದರೆ ಇವು ಬೇಗ ಸವೆಯುತ್ತವೆ. ಹುಳಿ ನೀರು ಬಿರುಕಿನಲ್ಲಿ ಇಳಿಯುತ್ತಾ ಕಲ್ಲನ್ನು ಕರಗಿಸುತ್ತದೆ. ಕ್ಯಾಲ್ಸಿಯಂ, ಮೆಗ್ನೀಸಿಯಂ, ಒಂದಿಷ್ಟು ಸೋಡಿಯಂ ಮತ್ತು ಸಿಲಿಕಾ ನೀರಿಗೆ ಬರುತ್ತವೆ. ನೀರಿನ ಹುಳಿ ಈ ಕೆಲಸದಲ್ಲೇ ಖರ್ಚಾಗಿ ಬೈಕಾರ್ಬೊನೇಟ್ ಆಗುತ್ತದೆ. ಅದಕ್ಕೇ ಮಳೆಯಾಗಿ 5.6 ಇದ್ದ ನೀರು ನಿಮ್ಮ ನಲ್ಲಿಗೆ ಬರುವಾಗ 7.6. ವರದಿಯ ಕ್ಷಾರತೆ 345 ಅಂದರೆ ಇದೇ ಬೈಕಾರ್ಬೊನೇಟಿನ ಲೆಕ್ಕ.

ನೀವೇ ಒಂದು ಪ್ರಯೋಗ ಮಾಡಿ ನೋಡಿ. ಬಕೆಟ್ಟಿನ ಬಿಳಿ ಪೊರೆಯನ್ನು ಚಮಚದ ಹಿಡಿಯಿಂದ ಸ್ವಲ್ಪ ಕೆರೆದು ತಟ್ಟೆಗೆ ಹಾಕಿ. ಮೇಲೆ ನಿಂಬೆರಸ ಅಥವಾ ವಿನೆಗರ್ ಎರಡು ಹನಿ ಬಿಡಿ. ಚುರ್ ಅಂತ ಸಣ್ಣ ಗುಳ್ಳೆಗಳು ಏಳುತ್ತವೆ. ಪೊರೆ ಸುಣ್ಣದ್ದು, ಅಂದರೆ ಕ್ಯಾಲ್ಸಿಯಂ ಕಾರ್ಬೊನೇಟ್ ಅನ್ನುವುದಕ್ಕೆ ಅದೇ ಸಾಕ್ಷಿ. ಆ ಗುಳ್ಳೆಯೊಳಗಿನ ಅನಿಲ ಎಲ್ಲಿಯದು ಗೊತ್ತೇ? ಬಹುಪಾಲು ಮಣ್ಣಿನಲ್ಲಿ ಬೇರು, ಸೂಕ್ಷ್ಮಜೀವಿಗಳು ಬಿಟ್ಟ ಉಸಿರು. ನೀರಿನಲ್ಲಿ ಕರಗಿ, ಕಲ್ಲು ಸವೆಸಿ, ಗೀಸರಿನಲ್ಲಿ ಸುಣ್ಣವಾಗಿ ಕೂತಿತ್ತು. ನಿಮ್ಮ ತಟ್ಟೆಯಲ್ಲಿ ಬಿಡುಗಡೆಯಾಯಿತು. ಈ ಕೆಲಸಕ್ಕೆ ಇಷ್ಟು ವರ್ಷವಾದರೂ ಇದನ್ನು ನೋಡುವಾಗ ನನಗೆ ಈಗಲೂ ಖುಷಿಯಾಗುತ್ತದೆ.

ವಾಘೋಲಿಯವರಾದ್ದರಿಂದ ಇನ್ನೊಂದು ಮಾತು ಹೇಳಲೇಬೇಕು. ನಿಮ್ಮ ಊರಿನ ಕಲ್ಲು ಕ್ವಾರಿಗಳು ಜಗತ್ತಿನ ಖನಿಜಪ್ರಿಯರಿಗೆಲ್ಲ ಗೊತ್ತು. ಲಾವಾ ಆರುವಾಗ ಒಳಗೆ ಸಿಕ್ಕಿಬಿದ್ದ ಅನಿಲದಿಂದ ಕಲ್ಲಿನಲ್ಲಿ ಗುಳ್ಳೆಗಳಾದವು. ಮುಂದೆ ಆ ಪೊಳ್ಳುಗಳಲ್ಲಿ ಓಡಾಡಿದ ನೀರು ತನ್ನಲ್ಲಿದ್ದ ಲವಣವನ್ನು ಅಲ್ಲೇ ಹರಳಾಗಿ ಬಿಟ್ಟಿತು. ಬಿಳಿ, ಗುಲಾಬಿ ಛಾಯೆಯ ಸ್ಟಿಲ್ಬೈಟ್, ಹ್ಯೂಲಾಂಡೈಟ್, ಕ್ಯಾಲ್ಸೈಟ್. ಜೊತೆಗೆ ಕಡು ನೀಲಿಯ ಕ್ಯಾವನ್ಸೈಟ್. ವಾಘೋಲಿಯ ಆ ನೀಲಿ ಹರಳನ್ನು ಮ್ಯೂಸಿಯಂಗಳಲ್ಲಿ ಗಾಜಿನ ಪೆಟ್ಟಿಗೆಯಲ್ಲಿ ಇಡುತ್ತಾರೆ. ಒಮ್ಮೆ ಅಲ್ಲಿನ ಕ್ವಾರಿಯಲ್ಲಿ ಒಡೆದ ಕಲ್ಲಿನ ಪೊಳ್ಳಿಗೆ ಬೆರಳು ಹಾಕಿ ನೋಡಿದ್ದೆ. ಒಳಗೆ ಹರಳಿನ ಸಣ್ಣ ಸಣ್ಣ ಅಲಗುಗಳು ಒತ್ತೊತ್ತಾಗಿ ನಿಂತಿದ್ದವು, ಸಕ್ಕರೆ ಅಂಟಿದ ಹಾಗೆ. ನಿಮ್ಮ ಗೀಸರಿನ ಕಾಯಿಲ್ ಮೇಲೆ ನಡೆಯುತ್ತಿರುವುದೂ ಇದೇ ಜಾತಿಯ ಕೆಲಸ: ಬಿಸಿಗೆ ನೀರಿನ ಲವಣ ಕಲ್ಲಾಗುವುದು. ಕೋಟಿಗಟ್ಟಲೆ ವರ್ಷಗಳ ಹಿಂದೆ ಇಲ್ಲಿ ಕಾರ್ಖಾನೆ ಇರಲಿಲ್ಲ, ಆದರೂ ಇಲ್ಲಿನ ನೀರು ಗಡಸಾಗಿತ್ತು.

ಈ ಹರಳುಗಳಿಗೆ ಇನ್ನೊಂದು ಗುಣವಿದೆ. ಸ್ಟಿಲ್ಬೈಟ್, ಹ್ಯೂಲಾಂಡೈಟ್ ಇವೆಲ್ಲ ಜಿಯೋಲೈಟ್ ಗುಂಪಿನವು. ಕೆಲವು ಜೇಡಿಗಳ ಹಾಗೆ ಇವೂ ಕೊಡು-ಕೊಳ್ಳು ವ್ಯಾಪಾರ ಮಾಡುತ್ತವೆ. ನೀರಿನ ಕ್ಯಾಲ್ಸಿಯಂ ತಾವು ಇಟ್ಟುಕೊಂಡು ತಮ್ಮಲ್ಲಿದ್ದ ಸೋಡಿಯಂ ನೀರಿಗೆ ಬಿಡುತ್ತವೆ. ನೀರು ಹೆಚ್ಚು ಕಾಲ ಆಳದಲ್ಲಿ ನಿಂತರೆ ಈ ವ್ಯಾಪಾರಕ್ಕೆ ಸಮಯ ಸಿಗುತ್ತದೆ. ಅಂಗಡಿಯಲ್ಲಿ ಮಾರುವ ವಾಟರ್ ಸಾಫ್ಟ್‌ನರ್ ಕೆಲಸ ಮಾಡುವುದೂ ಹೀಗೇ. ಈ ಮಾತನ್ನು ನೆನಪಿಟ್ಟುಕೊಳ್ಳಿ, 800 ಅಡಿಯ ಬೋರಿನ ವಿಷಯಕ್ಕೆ ಬಂದಾಗ ಬೇಕಾಗುತ್ತದೆ.

ಇನ್ನು ಬಿಸಿಲಿನ ಲೆಕ್ಕ. ಪುಣೆಯಲ್ಲಿ ವರ್ಷಕ್ಕೆ ಸುಮಾರು 700 ಮಿಲಿಮೀಟರ್ ಮಳೆ. ಅಲ್ಲಿಂದ ಪಶ್ಚಿಮಕ್ಕೆ ಅರವತ್ತು ಚಿಲ್ಲರೆ ಕಿಲೋಮೀಟರ್ ಹೋದರೆ ಲೋಣಾವಳದಲ್ಲಿ 4000ಕ್ಕಿಂತ ಜಾಸ್ತಿ. ಪೂರ್ವಕ್ಕೆ ಹೋದಂತೆ ಇನ್ನೂ ಒಣ. ಬಿದ್ದ ಮಳೆಯಲ್ಲಿ ಬಿಸಿಲು ಮತ್ತು ಗಿಡಗಳು ತಮ್ಮ ಪಾಲನ್ನು ಮೊದಲೇ ವಾಪಸ್ ತೆಗೆದುಕೊಳ್ಳುತ್ತವೆ. ಆವಿಯಾಗುವುದು ನೀರು ಮಾತ್ರ, ಲವಣ ಹಿಂದೆಯೇ ಉಳಿಯುತ್ತದೆ. ನೂರು ಕೊಡ ನೀರಿನಲ್ಲಿ ತೊಂಬತ್ತು ಕೊಡ ಹೀಗೆ ಹೋದರೆ ಉಳಿದ ಹತ್ತರಲ್ಲಿ ಲವಣ ಹತ್ತು ಪಟ್ಟು. ಸಾರು ಕುದಿಸಿ ಕುದಿಸಿ ಉಪ್ಪಾಗುವುದಿಲ್ಲವೇ, ಹಾಗೆ. ನಿಮ್ಮ ವಿಜಯಪುರದ ಸವಳು ನೀರಿಗೆ ಇದೇ ದೊಡ್ಡ ಕಾರಣ. ಅಲ್ಲಿ ಮಳೆ ಕಡಿಮೆ, ಎರೆಮಣ್ಣು ದಪ್ಪ. ಎರೆ ನೀರನ್ನು ಹಿಡಿದು ಕೂರುತ್ತದೆ, ಬೇಗ ಕೆಳಗೆ ಬಿಡುವುದಿಲ್ಲ. ಬಿಸಿಲು ಅದನ್ನು ಅಲ್ಲೇ ಕುಡಿಯುತ್ತದೆ. ಡೋಣಿ ನದಿಯ ನೀರು ಸವಳು ಅನ್ನುವುದು ನಿಮಗೆ ನಾನು ಹೇಳಬೇಕಾಗಿಲ್ಲ. ಎರೆಹೊಲದ ದಂಡೆ ಕಡಿದಾಗ ಬಿಳಿ ಸುಣ್ಣದ ಹರಳುಗಳು ಸಿಗುತ್ತವಲ್ಲ, ಅವೂ ನೀರು ಆರಿಹೋಗುವಾಗ ಬಿಟ್ಟು ಹೋದದ್ದೇ. ಮುಂದಿನ ಮಳೆ ಬಂದು ಅವನ್ನೇ ಮತ್ತೆ ಕರಗಿಸುತ್ತದೆ.

ಪುಣೆಯ ಪೇಟೆಗಳಲ್ಲಿ ಖಡಕ್‌ವಾಸಲಾದ ನಲ್ಲಿ ನೀರು ಕುಡಿಯುವವರಿಗೆ ಈ ತಾಪತ್ರಯ ಇಲ್ಲ, ಗಮನಿಸಿದ್ದೀರಾ? ಅದೂ ಇದೇ ಕರಿಕಲ್ಲಿನ ನೀರು. ಆದರೆ ಸಹ್ಯಾದ್ರಿಯ ಇಳಿಜಾರಿನಲ್ಲಿ ಜೋರಾಗಿ ಬಿದ್ದು, ಕಲ್ಲನ್ನು ಸವರಿಕೊಂಡು ಓಡಿ ಬಂದು ಅಣೆಕಟ್ಟು ಸೇರಿದ್ದು. ಕಲ್ಲಿನ ಸಹವಾಸ ಅದಕ್ಕೆ ಹೆಚ್ಚು ಸಿಗಲಿಲ್ಲ. ನಿಮ್ಮ ಬೋರಿನ ನೀರು ಬಿರುಕುಗಳಲ್ಲಿ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಕೂತು ಬಂದದ್ದು. ಕಲ್ಲು ಯಾವುದು ಅನ್ನುವಷ್ಟೇ ಎಷ್ಟು ದಿನ ಅದರ ಜೊತೆ ಇತ್ತು ಅನ್ನುವುದೂ ಮುಖ್ಯ.

ಈಗ ತಂಗಿಯ ಬಾವಿಗೆ ಬರೋಣ. ಅಲ್ಲಿ ಎಲ್ಲವೂ ಉಲ್ಟಾ. ಗೋವಾದಲ್ಲಿ ವರ್ಷಕ್ಕೆ 3000 ಮಿಲಿಮೀಟರ್ ಆಸುಪಾಸು ಮಳೆ. ಲಕ್ಷಾಂತರ ವರ್ಷ ಈ ಮಳೆ ಸುರಿದು ಸುರಿದು ಕಲ್ಲಿನ ಕ್ಯಾಲ್ಸಿಯಂ, ಮೆಗ್ನೀಸಿಯಂ, ಸೋಡಿಯಂ, ಬಹುಪಾಲು ಸಿಲಿಕಾ ಕೂಡ ತೊಳೆದು ಸಮುದ್ರಕ್ಕೆ ಹೋದವು. ಸುಲಭವಾಗಿ ಕರಗದ ಕಬ್ಬಿಣ, ಅಲ್ಯೂಮಿನಿಯಂ ಮಾತ್ರ ಉಳಿದವು. ಅದೇ ಜಂಬಿಟ್ಟಿಗೆ. ನಮ್ಮ ಮಂಗಳೂರು ಕಡೆ ಮುರಕಲ್ಲು ಅನ್ನುತ್ತಾರೆ, ಗೋವಾದವರು ಚಿರೆ ಅನ್ನುತ್ತಾರೆ. ಆ ಇಟ್ಟಿಗೆಯಲ್ಲೇ ಮನೆ ಕಟ್ಟುತ್ತಾರೆ. ಫ್ರಾನ್ಸಿಸ್ ಬುಕಾನನ್ ಮಲಬಾರಿನಲ್ಲಿ ಇದನ್ನು ಕಂಡು, 1807ರಲ್ಲಿ ಪ್ರಕಟವಾದ ತನ್ನ ಪ್ರವಾಸದ ಪುಸ್ತಕದಲ್ಲಿ ಲ್ಯಾಟರೈಟ್ ಎಂದು ಹೆಸರಿಟ್ಟ. ಲ್ಯಾಟಿನ್ನಿನಲ್ಲಿ ಅದಕ್ಕೆ ಇಟ್ಟಿಗೆ ಎಂದೇ ಅರ್ಥ. ಈ ಕಲ್ಲು ಸ್ಪಂಜಿನ ಹಾಗೆ ತೂತು ತೂತು. ನೀರು ಸರ್ರನೆ ಇಳಿಯುತ್ತದೆ. ಇಳಿಯುವ ನೀರಿಗೆ ಕೊಡಲು ಕಲ್ಲಿನ ಹತ್ತಿರ ಏನೂ ಉಳಿದಿಲ್ಲ. ಅದಕ್ಕೇ ಆ ನೀರು ಮೆದು, ಟಿಡಿಎಸ್ ಎಷ್ಟೋ ಸಲ 100ರ ಒಳಗೆ. ಮಣ್ಣಿನಲ್ಲಿ ಸಿಕ್ಕ ಹುಳಿಯನ್ನು ತಗ್ಗಿಸಲು ಸುಣ್ಣದ ಅಂಶವೂ ಇಲ್ಲ. ಹಾಗಾಗಿ ನೀರು ಹುಳಿಯಾಗಿಯೇ ಉಳಿಯುತ್ತದೆ, ಪಿಎಚ್ 6ರ ಆಚೆ ಈಚೆ. ತಂಗಿಯ ಮನೆಯಲ್ಲಿ ತಾಮ್ರದ ಕೊಡಕ್ಕೆ ಬೇಗ ಹಸಿರು ಕಿಲುಬು ಹಿಡಿಯುತ್ತದೆಯೇ ಕೇಳಿ. ಜಿಐ ಪೈಪು ಬೇಗ ತೂತಾಗುತ್ತದೆಯೇ ಕೇಳಿ. ಹೌದು ಅಂದರೆ ಕಾರಣ ಈ ಹುಳಿ.

ಕಬ್ಬಿಣ ಸುಲಭವಾಗಿ ಕರಗುವುದಿಲ್ಲ ಅಂದೆ. ಹಾಗಾದರೆ ಕೊಡದ ತಳದ ಕೆಂಪು ಗಸಿ ಎಲ್ಲಿಂದ? ಇಲ್ಲಿ ಆಮ್ಲಜನಕ ಬರುತ್ತದೆ. ನೀರಿನಲ್ಲಿ ಆಮ್ಲಜನಕ ಇರುವವರೆಗೆ ಕಬ್ಬಿಣ ತುಕ್ಕಿನ ರೂಪದಲ್ಲಿ ಕಲ್ಲಿಗೆ ಅಂಟಿಕೊಂಡಿರುತ್ತದೆ. ಜಂಬಿಟ್ಟಿಗೆಯ ಕೆಳಗೆ ಶೇಡಿ ಅನ್ನುವ ಮೆತ್ತನೆಯ ಜೇಡಿ ಮಣ್ಣಿನ ಪದರ ಇರುತ್ತದೆ, ನೀರು ಅಲ್ಲಿ ತಡೆದು ನಿಲ್ಲುತ್ತದೆ. ಗದ್ದೆ, ಅಡಿಕೆ ತೋಟದ ಪಕ್ಕ ಎಲೆ, ಸೋಗೆ, ಬೇರು ಕೊಳೆಯುತ್ತಿರುತ್ತವೆ. ಕೊಳೆಸುವ ಸೂಕ್ಷ್ಮಜೀವಿಗಳು ನೀರಿನ ಆಮ್ಲಜನಕವನ್ನೆಲ್ಲ ಮುಗಿಸುತ್ತವೆ. ಆಮೇಲೆ ನೈಟ್ರೇಟಿಗೆ ಕೈ ಹಾಕುತ್ತವೆ, ಆಮೇಲೆ ಮ್ಯಾಂಗನೀಸಿಗೆ, ಆಮೇಲೆ ಕಬ್ಬಿಣಕ್ಕೆ. ಅವುಗಳ ಉಸಿರಾಟ ನಡೆಯಬೇಕಲ್ಲ. ತುಕ್ಕು ಹೀಗೆ ಕರಗುವ ಕಬ್ಬಿಣವಾಗಿ ನೀರಿಗಿಳಿಯುತ್ತದೆ. ಆಗ ನೀರು ಗಾಜಿನಂತೆ ತಿಳಿ, ಕಣ್ಣಿಗೆ ಏನೂ ಕಾಣುವುದಿಲ್ಲ. ಸೇದಿ ಕೊಡಕ್ಕೆ ಸುರಿದಾಗ ಗಾಳಿ ತಾಗುತ್ತದೆ. ಬೆಳಗಾಗುವಷ್ಟರಲ್ಲಿ ಕಬ್ಬಿಣ ಮತ್ತೆ ತುಕ್ಕಾಗಿ ತಳ ಸೇರುತ್ತದೆ. ಕಬ್ಬಿಣವೂ ಮುಗಿದು ಸಲ್ಫೇಟಿನ ಸರದಿ ಬಂದರೆ ಕೊಳೆತ ಮೊಟ್ಟೆಯ ವಾಸನೆ ಬರುತ್ತದೆ. ತಂಗಿ ವಾಸನೆಯ ಮಾತು ಎತ್ತಿಲ್ಲ, ಅಲ್ಲಿಗೆ ಹೋಗಿಲ್ಲ ಅಂತ ಕಾಣುತ್ತದೆ.

ಆ ಬಣ್ಣಬಣ್ಣದ ಕೆನೆ ಎಣ್ಣೆಯೋ ಅಲ್ಲವೋ ಅಂತ ತಿಳಿಯಲು ಒಂದು ಕಡ್ಡಿ ಸಾಕು. ಕಡ್ಡಿಯಿಂದ ಕೆನೆಯನ್ನು ಕಲಕಬೇಕು. ಎಣ್ಣೆಯಾದರೆ ಸುಳಿದಾಡಿ ಮತ್ತೆ ಕೂಡಿಕೊಳ್ಳುತ್ತದೆ. ಕಬ್ಬಿಣದ ಪೊರೆಯಾದರೆ ಒಣಗಿದ ಕೆರೆಯ ತಳದ ಹಾಗೆ ಚೂರು ಚೂರಾಗಿ ಒಡೆಯುತ್ತದೆ, ಚೂರುಗಳು ದೂರ ದೂರವೇ ತೇಲುತ್ತವೆ. ಕಬ್ಬಿಣವನ್ನು ತುಕ್ಕಾಗಿಸಿ ಬದುಕುವ ಬ್ಯಾಕ್ಟೀರಿಯಾಗಳು ಇರುವ ಕಡೆ ಇಂಥ ಪೊರೆ ಕಟ್ಟುತ್ತದೆ. ಫೋಂಡಾ ಕಡೆಯ ಒಂದು ಕುಳಾಗರದ (ಅಡಿಕೆ ತೋಟದ) ಬಾವಿಯಲ್ಲಿ ನಾನೇ ಹೀಗೆ ನೋಡಿದ್ದೇನೆ. ಮನೆಯ ಅಜ್ಜಿ ಪಂಪಿನ ಡೀಸೆಲ್ ಬಾವಿಗೆ ಬಿತ್ತು ಅಂತ ಮೂರು ದಿನ ನೀರು ಮುಟ್ಟಿರಲಿಲ್ಲ. ಕಡ್ಡಿ ಅವರ ಕೈಗೇ ಕೊಟ್ಟೆ. ಪೊರೆ ಒಡೆದ ಕೂಡಲೇ ಅವರ ಮುಖ ಸಡಿಲವಾಯಿತು.

ಒಂದು ವಿಷಯ ಮಾತ್ರ ಬೇರೆ ಮಾಡಿ ನೋಡಬೇಕು. ಸೇದಿದಾಗ ತಿಳಿಯಿದ್ದು ಆಮೇಲೆ ಕೆಂಪಾಗುವುದು ಕರಗಿದ ಕಬ್ಬಿಣ. ಸೇದುವಾಗಲೇ ಕೆಂಪು ಕದಡಿದ್ದರೆ ಅದು ಮೇಲಿನ ಮಣ್ಣು ಬಾವಿಗೆ ನುಗ್ಗುತ್ತಿರುವ ಲಕ್ಷಣ. ಆಗ ಮಣ್ಣಿನ ಜೊತೆ ಹೊಲಸೂ ಬರುತ್ತದೆ, ಬಾವಿಯ ಕಟ್ಟೆ ಏರಿಸಿ ಸುತ್ತ ಗಟ್ಟಿ ಮಾಡಿಸಲೇಬೇಕು. ಗೋವಾದ ಗಣಿ ಪಟ್ಟಿಯ ಹತ್ತಿರ ಇರುವವರು ಈ ಭೇದವನ್ನು ಇನ್ನೂ ಎಚ್ಚರದಿಂದ ನೋಡಬೇಕು.

ಕರಗಿದ ಕಬ್ಬಿಣಕ್ಕೆ ತಂಗಿ ದುಬಾರಿ ಯಂತ್ರ ತರಬೇಕಾಗಿಲ್ಲ. ನೀರನ್ನು ಎತ್ತರದಿಂದ ಸುರಿದು ಗಾಳಿ ತಾಗಿಸಬೇಕು, ರಾತ್ರಿಯಿಡೀ ಬಿಡಬೇಕು, ಮೇಲಿನ ತಿಳಿಯನ್ನು ತೊಳೆದ ಮರಳಿನ ಮೂಲಕ ಸೋಸಬೇಕು. ನೀರು ತೀರಾ ಹುಳಿಯಾಗಿದ್ದರೆ ಕಬ್ಬಿಣ ಬೇಗ ತಳ ಕೂರುವುದಿಲ್ಲ. ಮರಳಿನ ಜೊತೆ ಸುಣ್ಣದ ಕಲ್ಲಿನ ಚೂರಿನ ಒಂದು ಪದರ ಹಾಕಿದರೆ ಹುಳಿಯೂ ತಗ್ಗುತ್ತದೆ, ಕೆಲಸವೂ ಬೇಗ ಆಗುತ್ತದೆ. ಕುಡಿಯುವ ನೀರನ್ನು ಕುದಿಸುವುದು ತಪ್ಪಿಸಬಾರದು. ಜಂಬಿಟ್ಟಿಗೆ ನೀರನ್ನು ಬೇಗ ಬಿಡುವ ಹಾಗೆಯೇ ಶೌಚದ ಗುಂಡಿಯ ರೋಗಾಣುವನ್ನೂ ಬೇಗ ಬಿಡುತ್ತದೆ.

ವಾಸ್ಕೊ, ಬಾಯ್ನಾ ಕಡೆ ನಮ್ಮವರು ತುಂಬ ಜನ ಇದ್ದಾರೆ, ಅವರಿಗಾಗಿ ಒಂದೆರಡು ಮಾತು. ಸಮುದ್ರದ ಅಂಚಿನಲ್ಲಿ ಸಿಹಿ ನೀರು ಉಪ್ಪು ನೀರಿನ ಮೇಲೆ ತೇಲುತ್ತಾ ನಿಂತಿರುತ್ತದೆ. ಸಮುದ್ರ ಮಟ್ಟಕ್ಕಿಂತ 1 ಮೀಟರ್ ಮೇಲೆ ಸಿಹಿ ನೀರು ನಿಂತಿದ್ದರೆ ಕೆಳಗೆ ಸುಮಾರು 40 ಮೀಟರ್ ಸಿಹಿ ನೀರಿಗೆ ಆಧಾರ. ಪಂಪು ಹಾಕಿ ಅರ್ಧ ಮೀಟರ್ ಇಳಿಸಿದರೆ ಕೆಳಗಿನ 20 ಮೀಟರಿನ ಲೆಕ್ಕವೇ ತಪ್ಪುತ್ತದೆ, ಉಪ್ಪು ನಿಧಾನವಾಗಿ ಏರಿ ಬರುತ್ತದೆ. ಸಮುದ್ರದ ನೀರಿನಲ್ಲಿ ಲೀಟರಿಗೆ ಸುಮಾರು 19 ಗ್ರಾಂ ಕ್ಲೋರೈಡ್. ನೂರರಲ್ಲಿ ಎರಡು ಪಾಲು ಸೇರಿದರೂ 380 ಮಿಲಿಗ್ರಾಂ ಆಯಿತು, ಬಾಯಿಗೆ ಉಪ್ಪು ತಾಗಲು ಅಷ್ಟು ಸಾಕು. ಅಲ್ಲಿ ಒಂದೇ ಸಲ ಜೋರಾಗಿ ಎಳೆಯುವುದಕ್ಕಿಂತ ಸ್ವಲ್ಪ ಸ್ವಲ್ಪವೇ ಎತ್ತುವುದು ಲೇಸು.

ಮತ್ತೆ ನಿಮ್ಮ ಹಾಳೆಗೆ ಬರುತ್ತೇನೆ. ಗಡಸುತನ 460. ಭಾರತೀಯ ಮಾನಕ ಐಎಸ್ 10500 ಪ್ರಕಾರ 200ರ ಒಳಗಿದ್ದರೆ ಒಳ್ಳೆಯದು, ಬೇರೆ ಮೂಲ ಇಲ್ಲದಿದ್ದರೆ 600ರವರೆಗೆ ನಡೆಯುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ಗಡಸುತನಕ್ಕೆ ಆರೋಗ್ಯದ ಕಾರಣ ಕೊಟ್ಟು ಯಾವ ಮಿತಿಯನ್ನೂ ಹಾಕಿಲ್ಲ. ಗಡಸು ನೀರು ಕುಡಿದರೆ ಕಿಡ್ನಿಯಲ್ಲಿ ಕಲ್ಲಾಗುತ್ತದೆ ಅಂತ ಎಲ್ಲರಿಗೂ ಭಯ. ಗೀಸರಿನೊಳಗೆ ಕಲ್ಲು ಕಂಡವರಿಗೆ ಹಾಗನ್ನಿಸುವುದು ಸಹಜ. ಆದರೆ ನೀರು ಕಡಿಮೆ ಕುಡಿಯುವುದು ಅದಕ್ಕಿಂತ ದೊಡ್ಡ ಕಾರಣ. ನೀರಿಗೆ ಹೆದರಿ ನೀರು ಕುಡಿಯುವುದನ್ನೇ ಕಡಿಮೆ ಮಾಡುವವರನ್ನು ನಾನು ಕಂಡಿದ್ದೇನೆ, ದಯವಿಟ್ಟು ಹಾಗೆ ಮಾಡಬೇಡಿ.

460ರಲ್ಲಿ 345 ಬೈಕಾರ್ಬೊನೇಟಿಗೆ ಜೋಡಿಯಾದದ್ದು. ಅಂದರೆ ನಾಲ್ಕರಲ್ಲಿ ಮೂರು ಪಾಲು ತಾತ್ಕಾಲಿಕ ಗಡಸುತನ. ಕುದಿಸಿದರೆ ಅದರಲ್ಲಿನ ಸುಣ್ಣ ಬಹಳಷ್ಟು ತಳಕ್ಕೆ ಕೂರುತ್ತದೆ. ಬೇಳೆಗೆ ಇಡುವ ನೀರನ್ನು ಮೊದಲು ಕುದಿಸಿ, ಆರಿಸಿ, ಮೇಲಿನ ತಿಳಿ ಮಾತ್ರ ಬಳಸಿ ನೋಡಿ. ಬೇಳೆ ಬೇಯದಿರಲು ಕಾರಣ ಹೀಗಿದೆ. ಬೇಳೆಯ ಕಣಗಳನ್ನು ಹಿಡಿದಿಟ್ಟಿರುವ ಪೆಕ್ಟಿನ್ ಅನ್ನುವ ಅಂಟನ್ನು ಕ್ಯಾಲ್ಸಿಯಂ ಇನ್ನೂ ಬಿಗಿ ಮಾಡುತ್ತದೆ. ಚಿಟಿಕೆ ಅಡುಗೆ ಸೋಡಾ ಹಾಕಿದರೆ ಆ ಅಂಟು ಸಡಿಲಾಗುತ್ತದೆ. ನಮ್ಮ ತಾಯಂದಿರು ಇದನ್ನು ಯಾವ ಲ್ಯಾಬೂ ಇಲ್ಲದೆ ಕಂಡುಕೊಂಡಿದ್ದರು.

ನಿಮ್ಮ ಫ್ಲೋರೈಡ್ 0.4 ನೋಡಿ ನನಗೆ ಸಮಾಧಾನವಾಯಿತು. ನೀರಿನಲ್ಲಿ ಕ್ಯಾಲ್ಸಿಯಂ ಜಾಸ್ತಿ ಇದ್ದರೆ ಫ್ಲೋರೈಡ್ ಅದರ ಜೊತೆ ಸೇರಿ ಕಲ್ಲಾಗಿ ಹೊರಗೆ ಉಳಿಯುತ್ತದೆ, ನೀರಿನಲ್ಲಿ ಏರುವುದಿಲ್ಲ. ನೀವು ಬೈಯುತ್ತಿರುವ ಈ ಗಡಸುತನವೇ ನಿಮಗೆ ಕಾವಲು. ಪಾವಗಡ, ಮುಂಡರಗಿ ಕಡೆ ಫ್ಲೋರೈಡ್ ಜಾಸ್ತಿಯಾಗಿ ಹಲ್ಲು ಕಂದಾದ ಮಕ್ಕಳನ್ನು ನೋಡಿದವರಿಗೆ ಇದರ ಬೆಲೆ ಗೊತ್ತು. ಅಲ್ಲಿ ಗ್ರಾನೈಟ್ ಜಾತಿಯ ಕಲ್ಲು. ನೀರು ಆಳದಲ್ಲಿ ಬಹಳ ದಿನ ನಿಂತು ಕ್ಯಾಲ್ಸಿಯಂ ಕಳೆದುಕೊಂಡ ಕಡೆ ಫ್ಲೋರೈಡಿಗೆ ದಾರಿ ತೆರೆಯುತ್ತದೆ. ಬಾಯಿಗೆ ಎಷ್ಟೋ ಸಲ ಅದು ಒಳ್ಳೆಯ ಮೆದು ನೀರೇ.

ಅದಕ್ಕೇ 800 ಅಡಿಯ ಬೋರು ಬೇಡ ಅನ್ನುತ್ತೇನೆ. ಆಳಕ್ಕೆ ಹೋದಷ್ಟು ನೀರು ಸಿಹಿ ಅನ್ನುವ ನಿಯಮ ನೆಲದಲ್ಲಿಲ್ಲ. ಆಳದ ನೀರು ಹಳೆಯ ನೀರು, ಕಲ್ಲಿನ ಜೊತೆ ಹೆಚ್ಚು ದಿನ ಕಳೆದದ್ದು. ಅದರಲ್ಲಿ ಲವಣ ಇನ್ನೂ ಜಾಸ್ತಿ ಇರಬಹುದು. ಇಲ್ಲವೇ ಜಿಯೋಲೈಟ್, ಜೇಡಿಯ ವ್ಯಾಪಾರದಲ್ಲಿ ಮೆದುವಾಗಿ, ಬದಲಿಗೆ ಸೋಡಿಯಂ ತುಂಬಿಕೊಂಡಿರಬಹುದು. ಬಸಾಲ್ಟಿನಲ್ಲಿ ಕೆಳಗಿಳಿದಂತೆ ಬಿರುಕುಗಳು ಬಿಗಿಯಾಗುವುದರಿಂದ ಒಣ ಬೋರಾಗುವ ಸಂಭವವೂ ದೊಡ್ಡದು. ನನ್ನ ಸ್ವಂತ ಜಾಗದಲ್ಲಿ ಹೀಗಾಗಿದೆ. ಬೋರು ಕೊರೆಯುವವರ ಮಾತು ಕೇಳಿ ಇನ್ನೂ ಇನ್ನೂ ಇಳಿಸಿದೆವು. 200 ಅಡಿಯವರೆಗೆ ಬೂದುಬಣ್ಣದ ಹುಡಿಯ ಜೊತೆ ಬಿಳಿ ಹರಳಿನ ಚೂರು ಬಂತು, ನೀರೂ ಬಂತು. ಆಮೇಲೆ ಒಂದು ಕಡೆ ಕೆಂಪು ಮಣ್ಣು ಎದ್ದಿತು, ಎರಡು ಲಾವಾ ಹರಿವಿನ ನಡುವಿನ ಪದರ ಅದು. ಅದರ ಕೆಳಗೆ 500 ಅಡಿಯವರೆಗೆ ಬರೀ ಒಣ ಹುಡಿ. ದುಡ್ಡು ಹೋಯಿತು ಅನ್ನುವುದಕ್ಕಿಂತ ಜಾಸ್ತಿ ಬೇಜಾರಾದದ್ದು ಇನ್ನೊಂದಕ್ಕೆ. ಆ ತೂತು ಮೇಲಿನ ಒಳ್ಳೆಯ ಸೆಲೆಯ ನೀರು ಕೆಳಗೆ ಸೋರಲು ದಾರಿ ಮಾಡಿಕೊಟ್ಟಿತು.

ಇನ್ನು 38. ಇದು ನೈಟ್ರೇಟ್. ಮಾನಕದ ಮಿತಿ 45, ಅದರ ಮೇಲೆ ಸಡಿಲಿಕೆ ಇಲ್ಲ. ನಿಮ್ಮದು ಮಿತಿಯೊಳಗಿದೆ, ಈಗಲೇ ಗಾಬರಿ ಬೇಡ. ಆದರೆ ಕರಿಕಲ್ಲಿನಲ್ಲಿ ನೈಟ್ರೇಟ್ ಇಲ್ಲ. ಕಲ್ಲು ಅದನ್ನು ಕೊಟ್ಟಿರಲು ಸಾಧ್ಯವಿಲ್ಲ. ಅದು ಬರುವುದು ಮಲಮೂತ್ರ, ಸಗಣಿ, ಗೊಬ್ಬರದಿಂದ. ಕ್ಲೋರೈಡ್ 90 ಇದಕ್ಕೆ ಸಾಕ್ಷಿ ಹೇಳುತ್ತಿದೆ. ಬಸಾಲ್ಟಿನಲ್ಲಿ ಕ್ಲೋರೈಡ್ ತೀರಾ ಅಲ್ಪ. ಮಳೆಯ ಜೊತೆ ಬಂದು ಬಿಸಿಲಿಗೆ ಗಟ್ಟಿಯಾದದ್ದು ಒಂದು ಪಾಲು ಇರುತ್ತದೆ. ನೈಟ್ರೇಟಿನ ಜೊತೆಗೇ ಅದೂ ಏರಿದ್ದರೆ ಉಳಿದದ್ದು ನಾವು ಊಟದಲ್ಲಿ ತಿಂದ ಉಪ್ಪು, ನಮ್ಮ ಚರಂಡಿಯಿಂದ ನೆಲಕ್ಕೆ ಹೋದದ್ದು. ಸೊಸೈಟಿಯವರು ಹೊರಗೆ ಹುಡುಕುವ ಮೊದಲು ಒಳಗೆ ನೋಡಲಿ. ಬೋರಿನ ಸುತ್ತ ನೂರಿನ್ನೂರು ಅಡಿಯಲ್ಲಿ ಹಳೆಯ ಸೆಪ್ಟಿಕ್ ಗುಂಡಿ ಇದೆಯೇ? ಕೊಳಚೆ ಸಂಸ್ಕರಣೆಯ ತೊಟ್ಟಿ ಸೋರುತ್ತಿದೆಯೇ? ಆ ನೀರನ್ನೇ ಬೋರಿನ ಪಕ್ಕದ ಹೂತೋಟಕ್ಕೆ ಬಿಡುತ್ತಿದ್ದಾರೆಯೇ? ಬೋರಿನ ಕೇಸಿಂಗ್ ಪೈಪಿನ ಬಾಯಿ ನೆಲಮಟ್ಟಕ್ಕೇ ತೆರೆದಿದೆಯೇ? ಕಾರ್ಖಾನೆಯ ಅನುಮಾನವನ್ನು ನಾನು ತಳ್ಳಿಹಾಕುತ್ತಿಲ್ಲ. ಅದಕ್ಕೆ ಬೇರೆ ಪರೀಕ್ಷೆ ಬೇಕು, ಲೋಹಗಳದ್ದು ಮತ್ತು ಎಣ್ಣೆ, ದ್ರಾವಕಗಳದ್ದು. ಈ ಹಾಳೆಯಲ್ಲಿ ಅದರ ಸುಳಿವು ಇಲ್ಲ, ಮತ್ತು ಗಡಸುತನ ಅದರ ಗುರುತೇ ಅಲ್ಲ.

ನೈಟ್ರೇಟ್ ವಿಷಯದಲ್ಲಿ ಕುದಿಸುವುದು ಪರಿಹಾರವಲ್ಲ. ನೀರು ಆವಿಯಾಗಿ ನೈಟ್ರೇಟ್ ಇನ್ನೂ ಗಟ್ಟಿಯಾಗುತ್ತದೆ. ಸೊಸೈಟಿಯಲ್ಲಿ ಆರು ತಿಂಗಳೊಳಗಿನ ಕೂಸು ಇದ್ದು ಹಾಲಿನ ಪುಡಿ ಕಲಸಿ ಕುಡಿಸುತ್ತಿದ್ದರೆ ಈ ಬೋರಿನ ನೀರು ಅದಕ್ಕೆ ಬೇಡ. ಆ ವಯಸ್ಸಿನಲ್ಲಿ ಹೆಚ್ಚಿನ ನೈಟ್ರೇಟ್ ರಕ್ತ ಆಮ್ಲಜನಕ ಒಯ್ಯುವುದನ್ನೇ ಕೆಡಿಸುತ್ತದೆ. ಮಳೆಗಾಲದ ಮೊದಲ ವಾರಗಳಲ್ಲಿ ನೈಟ್ರೇಟ್ 38ರಿಂದ 45 ದಾಟಿಬಿಡಬಹುದು, ಯಾಕೆಂದರೆ ಮೇಲಿನ ಹೊಲಸೆಲ್ಲ ತೊಳೆದು ಒಮ್ಮೆಲೇ ಇಳಿಯುತ್ತದೆ.

ಯಂತ್ರಗಳ ಬಗ್ಗೆ ಸಂಕ್ಷೇಪವಾಗಿ ಹೇಳುತ್ತೇನೆ. ಸಾಫ್ಟ್‌ನರ್ ಹಾಕಿಸುವುದಾದರೆ ಗೀಸರ್ ಮತ್ತು ವಾಷಿಂಗ್ ಮೆಶಿನ್ ಲೈನಿಗೆ ಮಾತ್ರ ಹಾಕಿಸಿ. 460 ಗಡಸುತನ ತೆಗೆದರೆ ಅದರ ಜಾಗದಲ್ಲಿ ಲೀಟರಿಗೆ ಸುಮಾರು 210 ಮಿಲಿಗ್ರಾಂ ಸೋಡಿಯಂ ಬರುತ್ತದೆ. ಬಿಪಿ ಇರುವವರಿಗೂ ಕುಂಡದ ಗಿಡಗಳಿಗೂ ಅದು ಬೇಡ. ಆರ್‌ಒ ಅಡುಗೆಮನೆಯ ಒಂದು ನಲ್ಲಿಗೆ ಸಾಕು. ನೈಟ್ರೇಟನ್ನೂ ಅದು ತಗ್ಗಿಸುತ್ತದೆ, ಆದರೆ ಒಂದು ಲೀಟರಿಗೆ ಎರಡು ಮೂರು ಲೀಟರ್ ಹೊರಗೆ ಚೆಲ್ಲುತ್ತದೆ. ಆ ನೀರನ್ನು ನೆಲ ಒರೆಸಲು ಹಿಡಿದಿಡಿ. ಕೈಯಲ್ಲಿ ಹಿಡಿಯುವ ಟಿಡಿಎಸ್ ಮೀಟರನ್ನು ಮಾತ್ರ ಪೂರ್ತಿ ನಂಬಬೇಡಿ. ಅದು ಒಟ್ಟು ಲವಣದ ಅಂದಾಜು ಹೇಳುತ್ತದೆ ಅಷ್ಟೆ. ಅದಕ್ಕೆ ಸುಣ್ಣವೂ ಒಂದೇ, ನೈಟ್ರೇಟೂ ಒಂದೇ. ರೋಗಾಣು ಅದಕ್ಕೆ ಕಾಣುವುದೇ ಇಲ್ಲ.

ನಾನು ನಿಮ್ಮ ಸೊಸೈಟಿಯಲ್ಲಿದ್ದರೆ 800 ಅಡಿಯ ದುಡ್ಡನ್ನು ತಾರಸಿಯ ಮೇಲೆ ಹಾಕುತ್ತಿದ್ದೆ. 1 ಚದರ ಮೀಟರ್ ತಾರಸಿಗೆ 1 ಮಿಲಿಮೀಟರ್ ಮಳೆ ಬಿದ್ದರೆ 1 ಲೀಟರ್. 1000 ಚದರ ಮೀಟರಿಗೆ 700 ಮಿಲಿಮೀಟರ್ ಅಂದರೆ ವರ್ಷಕ್ಕೆ 7 ಲಕ್ಷ ಲೀಟರ್. ಅರ್ಧ ಸೋರಿಹೋದರೂ ಉಳಿದದ್ದು ಸಣ್ಣದಲ್ಲ. ಇದು ಗಡಸುತನವೂ ನೈಟ್ರೇಟೂ ಇಲ್ಲವೆನ್ನುವಷ್ಟು ಕಡಿಮೆ ಇರುವ ನೀರು. ಮೊದಲೆರಡು ಮಳೆಯನ್ನು ಹೊರಗೆ ಬಿಟ್ಟು, ಆಮೇಲಿನದನ್ನು ಸೋಸಿ ಬೋರಿನ ಪಕ್ಕದ ಇಂಗುಗುಂಡಿಗೆ ಬಿಟ್ಟರೆ ಅದೇ ಸೆಲೆಯ ನೀರು ತೆಳುವಾಗುತ್ತದೆ. ಪಾರ್ಕಿಂಗ್ ಜಾಗದ ನೀರನ್ನು ಮಾತ್ರ ಯಾವತ್ತೂ ಅದಕ್ಕೆ ಸೇರಿಸಬೇಡಿ.

ಮುಂದಿನ ಪರೀಕ್ಷೆ ಎರಡು ಸಲ ಆಗಲಿ: ಮೇ ಕೊನೆಯಲ್ಲಿ ಒಂದು, ಅಕ್ಟೋಬರಿನಲ್ಲಿ ಒಂದು. ಮಹಾರಾಷ್ಟ್ರದ ಅಂತರ್ಜಲ ಇಲಾಖೆಯ ಪ್ರಯೋಗಾಲಯ ಪುಣೆಯಲ್ಲೇ ಇದೆ. ಮಾದರಿ ತೆಗೆಯುವ ಮೊದಲು ಪಂಪನ್ನು ಹದಿನೈದು ನಿಮಿಷ ಓಡಿಸಿ, ಪೈಪಿನಲ್ಲಿ ನಿಂತ ನೀರು ಹೋಗಲಿ. ಟ್ಯಾಂಕಿನಿಂದ ಹಿಡಿಯಬೇಡಿ, ಅಲ್ಲಿ ಟ್ಯಾಂಕರಿನ ನೀರು ಬೆರೆತಿರುತ್ತದೆ. ಬಾಟಲಿಯನ್ನು ಅದೇ ನೀರಿನಲ್ಲಿ ಮೂರು ಸಲ ಗಲಬರಿಸಿ, ಗಾಳಿ ಉಳಿಯದಂತೆ ತುಂಬಿ, ತಂಪಿನಲ್ಲಿಟ್ಟು ಅದೇ ದಿನ ತಲುಪಿಸಿ. ರೋಗಾಣು ಪರೀಕ್ಷೆಗೆ ಲ್ಯಾಬಿನವರೇ ಕೊಡುವ ಬೇರೆ ಬಾಟಲಿ ಬೇಕು, ಅದನ್ನು ಗಲಬರಿಸಬಾರದು. ಎರಡು ಬೋರಿನದ್ದೂ ಬೇರೆ ಬೇರೆ ಕಳಿಸಿ. ಒಂದರಲ್ಲಿ ನೈಟ್ರೇಟ್ ಹೆಚ್ಚು, ಇನ್ನೊಂದರಲ್ಲಿ ಕಡಿಮೆ ಬಂದರೆ ಸೋರಿಕೆ ಯಾವ ಕಡೆ ಇದೆ ಅಂತ ಅಲ್ಲೇ ಅರ್ಧ ಗೊತ್ತಾಗುತ್ತದೆ. ವರದಿ ಬಂದ ಮೇಲೆ ನನಗೂ ಒಂದು ಪ್ರತಿ ಕಳಿಸಿ. ಬೋರುಗಳ ಆಳವನ್ನೂ, ಸೆಪ್ಟಿಕ್ ಗುಂಡಿ ಅವುಗಳಿಂದ ಎಷ್ಟು ದೂರ ಅನ್ನುವುದನ್ನೂ ಅದರ ಹಿಂದೆ ಬರೆದಿರಿ.